ಎಲ್ಲಿಗೆ ಅನ್ನೋದು ಆಮೇಲೆ

ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್‌ನ ನಮ್ಮ ಎಂಜಿನಿಯರಿಂಗ್ ಕಾಲೇಜು ಯು.ವಿ.ಸಿ.ಇ.ಯಲ್ಲಿ ಎಂ.ಎಸ್. ಮಾಡಲು ಹೊರದೇಶಕ್ಕೆ ಹೋಗುವ ಮಾತನ್ನು ಬಾಯಿಬಿಟ್ಟು ಆಡುತ್ತಿದ್ದ ಹುಡುಗಿಯರು ಕಡಿಮೆ. ನಾನು ಶಿರಾ ಕಡೆಯವಳು, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಅಮೆರಿಕ ಎಂದರೆ ಮಲ್ಲೇಶ್ವರ, ಜಯನಗರದ ಅನುಕೂಲಸ್ಥರ ಮಕ್ಕಳಿಗೆ ಎಂದುಕೊಂಡಿದ್ದೆ. ಆ ಎಣಿಕೆಯನ್ನು ಬುಡಸಮೇತ ಕಿತ್ತವರು ನಮಗೆ ಮೈಕ್ರೋವೇವ್ ತರಂಗಗಳ ಪಾಠ ಮಾಡುತ್ತಿದ್ದ ಮೇಷ್ಟ್ರು.

ಒಮ್ಮೆ ಕ್ಲಾಸಿನಲ್ಲಿ ಅವರು ರಾಜೇಶ್ವರಿ ಚಟರ್ಜಿಯವರ ವಿಷಯ ತೆಗೆದರು. ಕೆ.ಆರ್. ಸರ್ಕಲ್‌ನಿಂದ ಕೂಗಳತೆ ದೂರದ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ನಮ್ಮ ರಾಜ್ಯದ ಹೆಣ್ಣುಮಗಳು, 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಹಡಗು ಹತ್ತಿ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಡಾಕ್ಟರೇಟ್ ಮುಗಿಸಿ 1953ರಲ್ಲಿ ಮರಳಿದವರು ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಇಷ್ಟು ಹೇಳಿ ನನ್ನ ಕಡೆ ತಿರುಗಿ, "ಅವರಿಗಿಂತ ನಿನಗೆ ದಾರಿ ಕಷ್ಟವೇನಮ್ಮಾ?" ಎಂದರು.

ಯಾವ ಯೂನಿವರ್ಸಿಟಿ ಒಳ್ಳೇದು ಸಾರ್ ಎಂದು ಯಾರೇ ಹೋದರೂ ಅವರದು ಒಂದೇ ಮಾತು: "ಎಲ್ಲಿಗೆ ಅನ್ನೋದು ಆಮೇಲೆ. ಏನು ಕಲಿಯೋಕೆ ಹೋಗ್ತೀಯ, ಅದನ್ನ ಹೇಳು." ಉತ್ತರ ಬಾರದಿದ್ದರೆ ಕೈಗೊಂದು ಚೀಟಿ ಕೊಟ್ಟು ಟಾಟಾ ಇನ್‌ಸ್ಟಿಟ್ಯೂಟ್ ಲೈಬ್ರರಿಗೆ ಅಟ್ಟುತ್ತಿದ್ದರು. ಅಲ್ಲಿ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಸಂಘ ಐ-ಟ್ರಿಪಲ್-ಇ ತರುವ ಜರ್ನಲ್‌ಗಳ ದಪ್ಪ ಸಂಪುಟಗಳನ್ನು ಎಳೆದುಕೊಂಡು ಕೂತು, ಆಂಟೆನಾ ಕುರಿತ ಲೇಖನಗಳಲ್ಲಿ ಅರ್ಥವಾದಷ್ಟನ್ನು ಓದಿ, ಬರೆದವರು ಯಾರು, ಯಾವ ಪ್ರಯೋಗಾಲಯ ಎಂದು ನೋಟ್‌ಬುಕ್‌ನಲ್ಲಿ ಗುರುತು ಮಾಡಿಕೊಳ್ಳುತ್ತಿದ್ದೆ. ಪುಟಗಳು ತುಂಬುತ್ತಾ ಬಂದಂತೆ ಒಬ್ಬ ಪ್ರೊಫೆಸರ್ ಹೆಸರು ಪದೇ ಪದೇ ಬರತೊಡಗಿತು. ಅವರ ಲೇಖನದಲ್ಲಿ ನನಗೆ ಬಿಡಿಸಲಾಗದ ಒಂದು ಸಮೀಕರಣದ ಬಗ್ಗೆ ಕೇಳಿ ಇ-ಮೇಲ್ ಬರೆದೆ. ಮುಂದೆ ಅವರ ಹತ್ತಿರವೇ ರಿಸರ್ಚ್ ಅಸಿಸ್ಟೆಂಟ್‌ಶಿಪ್ ಸಿಕ್ಕಿತು. ಫೀಸು ಮಾಫಿ, ತಿಂಗಳ ಖರ್ಚಿಗೆ ಸ್ಟೈಪೆಂಡ್.

ಶಿಫಾರಸು ಪತ್ರವನ್ನೂ ಮೇಷ್ಟ್ರು ಸುಮ್ಮನೆ ಕೊಡಲಿಲ್ಲ. ಸೀಮೆಸುಣ್ಣ ಕೈಗಿತ್ತು, ಪ್ರಾಜೆಕ್ಟ್ ಪೂರ್ತಿ ಬೋರ್ಡಿನ ಮೇಲೆ ವಿವರಿಸು ಎಂದರು. ಅಳತೆಗೂ ಲೆಕ್ಕಕ್ಕೂ ಎಲ್ಲಿ ತಾಳೆಯಾಗಲಿಲ್ಲ, ಆಗ ಏನು ಮಾಡಿದೆ ಎಂದು ಕೆದಕಿ ಕೆದಕಿ ಕೇಳಿದರು. ಆಮೇಲೆ ಒಬ್ಬರೇ ಕೂತು ಬರೆದು, ಕವರಿನ ಅಂಟಿಸಿದ ಜಾಗದ ಮೇಲೆ ಅಡ್ಡಲಾಗಿ ಸಹಿ ಹಾಕಿ, ಅದರ ಮೇಲೆ ಸೆಲೋ ಟೇಪ್ ಒತ್ತಿ ಕೊಟ್ಟರು. ವೀಸಾಕ್ಕೆ ಚೆನ್ನೈಗೆ ಓಡಿದ್ದು, ಪ್ರವೇಶ ಪರೀಕ್ಷೆ ಜಿ.ಆರ್.ಇ.ಗೆಂದು ಇಂಗ್ಲಿಷ್ ಪದಗಳ ಕಂಠಪಾಠ ಎಲ್ಲರಿಗೂ ಇದ್ದದ್ದೇ.

ಈಗ ಬೆಂಗಳೂರಿನಲ್ಲೇ ಇದ್ದೇನೆ. ಯಾಕೆ, ಏನು ಓದಬೇಕು ಎಂದು ಅರ್ಜಿಯ ಜೊತೆ ಬರೆದುಕೊಡುವ ಎಸ್.ಒ.ಪಿ. ತಿದ್ದಿಸಿಕೊಳ್ಳಲು ಫೈನಲ್ ಇಯರ್ ಮಕ್ಕಳು ಮನೆಗೆ ಬರುತ್ತಾರೆ. ಕನ್ಸಲ್ಟೆನ್ಸಿಯಲ್ಲಿ ಬರೆಸಿದ್ದು ಎರಡೇ ಸಾಲಿಗೆ ಗೊತ್ತಾಗುತ್ತದೆ. ಅದರಲ್ಲಿ ಮಗುವೇ ಇರುವುದಿಲ್ಲ. ನನಗೆ ಹೆಚ್ಚು ಸಂಕಟವಾಗುವುದು ಹಣದ ಭಯಕ್ಕೆ ಅರ್ಜಿಯನ್ನೇ ಹಾಕದವರನ್ನು ಕಂಡಾಗ. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಕೆಲವು ಕಡೆ ಇದೆ: ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥವರಿಂದ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಬದುಕಿನ ಖರ್ಚಿಗೆಂದು ಬ್ಲಾಕ್ಡ್ ಅಕೌಂಟ್‌ನಲ್ಲಿ ತೋರಿಸಬೇಕಾದ ಮೊತ್ತ, 2024ರ ಸೆಪ್ಟೆಂಬರ್‌ನ ಲೆಕ್ಕದಲ್ಲಿ, ವರ್ಷಕ್ಕೆ 11,904 ಯೂರೋ. ದೊಡ್ಡ ಮೊತ್ತವೇ, ಆದರೆ ಅದು ನಿಮ್ಮ ಹೆಸರಲ್ಲೇ ಇದ್ದು ತಿಂಗಳು ತಿಂಗಳು ನಿಮ್ಮ ಕೈಗೇ ಬರುತ್ತದೆ. 2022ರ ನವೆಂಬರ್‌ನಿಂದ ವೀಸಾಕ್ಕೆ, ನಮ್ಮ ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎ.ಪಿ.ಎಸ್. ಸರ್ಟಿಫಿಕೇಟ್ ಬೇಕು, ಆ ಸರ್ಟಿಫಿಕೇಟಿಗೆ ಸಾಕಷ್ಟು ಮುಂಚೆಯೇ ಅರ್ಜಿ ಹಾಕಿ. ಜರ್ಮನ್ ಕಲಿಯಲು ಇಂದಿರಾನಗರದಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಕೈಬಿಡಬೇಡಿ. 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್ ಇಂದಿಗೂ ಸಾಲ-ವಿದ್ಯಾರ್ಥಿವೇತನ ಕೊಡುತ್ತಿದೆ.

ಐದನೇ ಸೆಮಿಸ್ಟರ್‌ನಲ್ಲೇ ಓದಲು ಶುರು ಮಾಡಿ. ಇಷ್ಟವಾದ ಲೇಖನ ಯಾವುದು, ಯಾಕೆ ಇಷ್ಟವಾಯಿತು ಎಂದು ಒಂದು ಪುಟ ಬರೆದು ಕಾಲೇಜಿನ ವಿಳಾಸಕ್ಕೆ ನನ್ನ ಹೆಸರಲ್ಲಿ ಕೊಟ್ಟರೆ ತಲುಪುತ್ತದೆ. ಕನ್ನಡದಲ್ಲಿ ಬರೆದರೂ ಸರಿ, ಕೂತು ಇಂಗ್ಲಿಷಿಗೆ ತರೋಣ.