ಹಿಂಗಾರು ಮಳೆ, ಇಂಕ್ ಪೆನ್ನು, ಬಾಯಿ ಬಿಟ್ಟ ನೋಟ್‌ಬುಕ್ಕುಗಳು

ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವರನ್ನು ಅಕ್ಟೋಬರ್‌ನಲ್ಲಿ ಮಾತನಾಡಿಸಬೇಡಿ. ಟ್ಯಾಕ್ಸ್ ಆಡಿಟ್, ರಿಟರ್ನ್ಸು, ನಡುವೆ 20ನೇ ತಾರೀಖಿನ ಜಿಎಸ್‌ಟಿ. ಇಡೀ ದಿನ ಕಣ್ಣು ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಮೇಲೆ, ಬೆರಳು ನಂಬರ್ ಪ್ಯಾಡಿನ ಮೇಲೆ. ಸಂಜೆ ಮನೆಗೆ ಬಂದಮೇಲೆ ಒಂದು ಅಂಕಿಯನ್ನೂ ನೋಡುವ ಮನಸ್ಸಿರುವುದಿಲ್ಲ. ಆದರೆ ಬರೆಯಬೇಕು ಅನ್ನಿಸುತ್ತದೆ. ಏನು ಅಂತಿಲ್ಲ, ಸುಮ್ನೆ ಬರೆಯಬೇಕು. ಇಂಕ್ ಪೆನ್ನಲ್ಲಿ.

ನಾನು ತೀರ್ಥಹಳ್ಳಿ ಕಡೆಯವಳು. ನಮ್ಮಲ್ಲಿ ಮಳೆ ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ ಬಿಡದೆ ಹೊಯ್ಯುವುದು. ಪುಸ್ತಕದ ಬೈಂಡಿಗೆಲ್ಲ ಬೂಷ್ಟು. ಜಮೀನಿನ ಪತ್ರಗಳನ್ನು ಅಜ್ಜಿ ತಗಡಿನ ಟ್ರಂಕಿಗೆ ಹಾಕಿ, ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಇಡುತ್ತಿದ್ದರು. ಆ ಮಳೆಯಲ್ಲಿ ಕಾಗದವನ್ನು ಉಳಿಸಿಕೊಂಡರೆ ಸಾಕಾಗಿತ್ತು, ಹವ್ಯಾಸದ ಮಾತೆಲ್ಲಿ? ಬೆಂಗಳೂರು ಹಾಗಲ್ಲ. ಇಲ್ಲಿ ಜೂನ್, ಜುಲೈಗಿಂತ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ಅದೂ ಎಷ್ಟೋ ದಿನ ಮಧ್ಯಾಹ್ನದವರೆಗೆ ಬಿಸಿಲು ಕಾಯಿಸಿ, ಸಂಜೆಗೆ ಗುಡುಗಿಕೊಂಡು ಬರುತ್ತದೆ. ಹಸ್ತ, ಚಿತ್ತಾ, ಸ್ವಾತಿ, ಎಲ್ಲ ಸಂಜೆ ಪಾಳಿಯ ಮಳೆಗಳು. ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರು ನನ್ನನ್ನು ಬೈದುಕೊಳ್ಳಲಿ, ಮನೆ ಸೇರಿದವರಿಗೆ ಮಾತ್ರ ಇದಕ್ಕಿಂತ ಒಳ್ಳೆ ಹೊತ್ತಿಲ್ಲ.

ಈ ತಿಂಗಳಲ್ಲಿ ಕಾಗದದ ಬಣ್ಣ ಬಯಲಾಗುತ್ತದೆ. ಮಾರ್ಚ್‌ನಲ್ಲಿ ಚೆನ್ನಾಗಿ ಬರೆಸಿಕೊಂಡ ಅದೇ ನೋಟ್‌ಬುಕ್ಕಿಗೆ ಈಗ ಪೆನ್ನು ತಾಗಿಸಿದರೆ, ಅಕ್ಷರದ ಅಂಚಿಗೆಲ್ಲ ಕೂದಲು ಎದ್ದ ಹಾಗೆ ಇಂಕು ಹರಡುತ್ತದೆ. ಕಾಗದ ಅಂದರೆ ನಾರು ತಾನೇ, ಗಾಳಿಯ ತೇವ ಕುಡಿದು ಉಬ್ಬಿಕೊಳ್ಳುತ್ತದೆ. ಇಂಕು ಹರಡದಿರಲಿ ಅಂತ ಕಾರ್ಖಾನೆಯಲ್ಲಿ ಗಂಜಿಯನ್ನೋ ಇನ್ನೇನನ್ನೋ ಹಾಕಿರುತ್ತಾರೆ. ಅಗ್ಗದ ಪುಸ್ತಕಗಳಲ್ಲಿ ಅದೂ ಅಷ್ಟಕ್ಕಷ್ಟೆ. ದಪ್ಪ ಕಾಗದ ತಗೊಂಡರೆ ಸರಿಹೋಗುತ್ತೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜಿಎಸ್‌ಎಂ ಅನ್ನುವುದು ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅಂತ ಹೇಳುತ್ತದೆ, ಅಷ್ಟೆ. ಜೆರಾಕ್ಸಿನ 75 ಜಿಎಸ್‌ಎಂ ಹಾಳೆಯಲ್ಲೂ ಇಂಕು ಹರಡುವುದುಂಟು. ಜಪಾನಿನ ಟೊಮೊಯೆ ರಿವರ್ ಅನ್ನುವ ಕಾಗದ ಬರೀ 52 ಜಿಎಸ್‌ಎಂ. ಆ ಕಡೆ ಬರೆದದ್ದು ಈ ಕಡೆ ಕಾಣುವಷ್ಟು ತೆಳು, ಆದರೂ ಅಕ್ಷರದ ಅಂಚು ಅಲ್ಲಾಡುವುದಿಲ್ಲ. ಬೆಲೆ ಮಾತ್ರ ಕೇಳಬೇಡಿ.

ಮಳೆ ಸಂಜೆಗೆ ನನಗೆ ಇನ್ನೊಂದು ಹುಚ್ಚಿದೆ, ನಾರಿನ ದಿಕ್ಕು ನೋಡುವುದು. ಕಾಗದ ಮಾಡುವಾಗ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ತೇವ ತಗುಲಿದರೆ ನಾರು ಉದ್ದಕ್ಕಿಂತ ಅಗಲಕ್ಕೆ ಜಾಸ್ತಿ ಉಬ್ಬುತ್ತದೆ. ಹಾಗಾಗಿ ಒಂದು ಚೂರು ಕಾಗದದ ಒಂದೇ ಬದಿಗೆ ನೀರು ಸವರಿ ನೋಡಿ, ತಾನಾಗಿ ಸುರುಳಿಯಾಗುತ್ತದೆ. ಆ ಸುರುಳಿ ಯಾವ ಕಡೆಗೆ ಉದ್ದವಾಗಿ ನಿಲ್ಲುತ್ತದೋ ಅದೇ ನಾರಿನ ದಿಕ್ಕು. ಪುಸ್ತಕದಲ್ಲಿ ಅದು ಹೊಲಿಗೆಯ ಬೆನ್ನಿನ ಉದ್ದಕ್ಕೇ ಇರಬೇಕು. ಅಡ್ಡ ಇದ್ದರೆ ಚಿತ್ತಾ ಮಳೆ ಹೊತ್ತಿಗೆ ಬೆನ್ನಿನ ಹತ್ತಿರ ಹಾಳೆಗಳು ಅಲೆ ಎದ್ದು, ಮುಚ್ಚಿಟ್ಟ ಪುಸ್ತಕವೂ ಬಾಯಿ ಬಿಟ್ಟುಕೊಂಡಿರುತ್ತದೆ. ನಾನು ಚೂರುಗಳನ್ನು ಒದ್ದೆ ಮಾಡಿ ಸಾಲಾಗಿ ಇಟ್ಟುಕೊಂಡು ಕೂತಿದ್ದರೆ ನಮ್ಮನೆಯವರು ಕಾಫಿ ಲೋಟ ಹಿಡಿದು ಬಂದು, "ಇದಕ್ಕೂ ಆಡಿಟ್ಟಾ?" ಅಂತಾರೆ.

ಶಿವಮೊಗ್ಗ ಜಿಲ್ಲೆಯವರಿಗೆ ಕಾಗದದ ಮೇಲೆ ಸ್ವಲ್ಪ ಹಕ್ಕಿದೆ ಅಂತ ನನ್ನ ವಾದ. 1936ರಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್ ಇದ್ದದ್ದು ನಮ್ಮ ಭದ್ರಾವತಿಯಲ್ಲಿ. ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುವಾಗ ಮೂಗಿಗೆ ಆ ವಾಸನೆ ಬಡಿದರೆ ಸಾಕು, ಕಿಟಕಿ ನೋಡದೆ ಭದ್ರಾವತಿ ಅಂತ ಗೊತ್ತಾಗುತ್ತಿತ್ತು. ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಿದ್ದರು. 2015ರಲ್ಲಿ ಮಿಲ್ಲಿನ ಉತ್ಪಾದನೆ ನಿಂತ ಮೇಲೆ ಅದೇ ವಾಸನೆ ಇಲ್ಲವಲ್ಲ ಅಂತ ಬೇಜಾರು.

ಇನ್ನು ದಸರಾ. ಮೂಲಾ ನಕ್ಷತ್ರದ ದಿನ ನಮ್ಮಲ್ಲಿ ಸರಸ್ವತಿಯ ಮುಂದೆ ಪುಸ್ತಕ, ಪೆನ್ನು ಇಟ್ಟರೆ ವಿಜಯದಶಮಿಗೇ ತೆಗೆಯುವುದು. ಅಲ್ಲಿಯವರೆಗೆ ಓದುವಂತಿಲ್ಲ, ಬರೆಯುವಂತಿಲ್ಲ. ಚಿಕ್ಕವಳಿದ್ದಾಗ ಇದಕ್ಕಿಂತ ಒಳ್ಳೆ ಶಾಸ್ತ್ರವೇ ಇಲ್ಲ ಅನ್ನಿಸುತ್ತಿತ್ತು. ಈಗ ಅದನ್ನೇ ಪೆನ್ನು ತೊಳೆಯುವುದಕ್ಕೆ ಇಟ್ಟುಕೊಂಡಿದ್ದೇನೆ. ಇಂಕೆಲ್ಲ ಚೆಲ್ಲಿ, ತಣ್ಣೀರಿನಲ್ಲಿ ನಿಬ್ಬು ಅದ್ದಿಟ್ಟು, ನೀರು ತಿಳಿಯಾಗುವವರೆಗೆ ಬದಲಿಸುತ್ತಾ ಹೋಗುವುದು. ಬಿಸಿನೀರು ಕೂಡದು, ಹಳೇ ಪೆನ್ನಿನ ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ. ಆಮೇಲೆ ಹಳೆ ಪಂಚೆ ತುಂಡಿನ ಮೇಲೆ ನಿಬ್ಬು ಕೆಳಗೆ ಮಾಡಿ ನಿಲ್ಲಿಸಬೇಕು. ಬೇಸಿಗೆಯಲ್ಲಾದರೆ ಒಂದು ರಾತ್ರಿ ಸಾಕು. ಈ ಹವೆಗೆ ಒಳಗಿನ ಸಂದು ಒಣಗೋಕೆ ಎರಡು ಮೂರು ದಿನವೇ ಬೇಕು. ಹೇಗೂ ಬರೆಯುವಂತಿಲ್ಲವಲ್ಲ! ಅಪ್ಪನ ಹೀರೋ ಪೆನ್ನು ವರ್ಷಕ್ಕೊಂದು ಸಲ ಕುಂಕುಮ ಹಚ್ಚಿಸಿಕೊಂಡು, ಗಂಟಲು ಸರಿಮಾಡಿಕೊಂಡು ಎದ್ದು ಬರುತ್ತದೆ.

ವಿಜಯದಶಮಿಯ ಮೊದಲ ಬರಹ ಊರಿನಲ್ಲಿರುವ ಸೋದರತ್ತೆಗೆ. ಪೋಸ್ಟ್ ಕಾರ್ಡ್. 1879ರಲ್ಲಿ ಕಾಲಾಣೆಗೆ ಶುರುವಾದದ್ದು, ಈಗ 50 ಪೈಸೆ. ಒಂದು ರೂಪಾಯಿ ಕೊಟ್ಟರೆ ಎರಡು ಕಾರ್ಡು ಕೊಡುವ ಅಂಗಡಿ ಇನ್ನೆಲ್ಲಿದೆ ಹೇಳಿ. ಹಿಂದೊಂದು ಸಲ ರಾಯಲ್ ಬ್ಲೂನಲ್ಲಿ ಪೂರ್ತಿ ಬರೆದು ಹಾಕಿದ್ದೆ. ಅತ್ತೆ ಫೋನ್ ಮಾಡಿ, "ನಿನ್ನ ಕಾರ್ಡ್ ಬಂತು ಮಾರಾಯ್ತಿ. ನಾನು ಓದೂದಕ್ಕೆ ಮುಂಚೆ ಮಳೆರಾಯ ಓದಿ ಒರೆಸಿಟ್ಟಿದಾನೆ" ಅಂದರು. ಆ ಇಂಕು ನೀರಿನಲ್ಲಿ ಕರಗುವಂಥದ್ದು. ವಿಳಾಸ ಬಾಲ್ ಪೆನ್ನಿನದು, ಎಣ್ಣೆ ಇಂಕು, ಹಾಗಾಗಿ ಕಾರ್ಡು ತಲುಪಿತು. ಅಂದಿನಿಂದ ಮಳೆಗಾಲದ ಕಾರ್ಡುಗಳೆಲ್ಲ ಪೆನ್ಸಿಲ್ಲಿನಲ್ಲೇ. ಗ್ರಾಫೈಟ್ ನೀರಿಗೆ ಕರಗುವ ಪೈಕಿ ಅಲ್ಲ. ಇಂಕಿನ ಮೋಹ ಎಷ್ಟೇ ಇದ್ದರೂ, ಈ ಕಾಲಕ್ಕೆ ನಟರಾಜ್ ಪೆನ್ಸಿಲ್ಲೇ ದೊಡ್ಡದು ಅಂತ ಒಪ್ಪಲೇಬೇಕು.

ಅಂಚೆಚೀಟಿ ಆಲ್ಬಮ್ಮಿನದು ಬೇರೆ ತಲೆನೋವು. ಬಳಸದ ಚೀಟಿಗಳ ಬೆನ್ನಿನ ಅಂಟು ಈ ತೇವಕ್ಕೆ ಎಚ್ಚರಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ನಡುವೆ ಬಟರ್ ಪೇಪರ್ ಇಡುತ್ತೇನೆ. ಶೂ ಡಬ್ಬದಲ್ಲಿ ಬರುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಆಫೀಸಿನವರೆಲ್ಲ ನನಗೇ ತಂದುಕೊಡುತ್ತಾರೆ. ಲಕೋಟೆಗಳಂತೂ ಪತ್ರ ಹಾಕುವ ಮೊದಲೇ ಬಾಯಿ ಮುಚ್ಚಿಕೊಂಡು ಕೂತಿರುತ್ತವೆ.

ಸದ್ಯಕ್ಕೆ ಬೇಕಾಗಿರುವುದು ಹಸಿ ಇಂಕು ಹೀರುವ ಬ್ಲಾಟಿಂಗ್ ಪೇಪರ್. ಇಂಕು ಒಣಗುವುದೇ ಇಲ್ಲ, ಪುಟ ತಿರುಗಿಸಿದರೆ ಎದುರು ಪುಟಕ್ಕೆಲ್ಲ ಅಚ್ಚು. ಮೊನ್ನೆ ಶನಿವಾರ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಅವೆನ್ಯೂ ರೋಡಿಗೆ ಹೋದೆ. ಕಾಗದದ ಅಂಗಡಿಯ ಯಜಮಾನರಿಗೆ ಒಂದು ಹಾಳೆ ಕೊಡಿ ಅಂದೆ.

"ಒಂದಾ? ಹೋಲ್‌ಸೇಲ್ ಮೇಡಂ ಇದು."

"ಒಂದನ್ನೇ ಕತ್ತರಿಸಿ ಎಂಟು ಮಾಡ್ಕೋತೀನಿ."

"ಯಾವ ಸ್ಕೂಲಿಗೆ?"

ಸ್ಕೂಲಿಗಲ್ಲ, ನನಗೇ ಅಂದೆ. ಅವರು ನನ್ನನ್ನೂ ಹೊರಗಿನ ಮಳೆಯನ್ನೂ ನೋಡಿ, ಎರಡು ಹಾಳೆ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವರು ಹಾಕಿ ಕೊಟ್ಟರು. ಒಂದಕ್ಕೇ ದುಡ್ಡು ತಗೊಂಡರು.