ರೈಟರ್ ಅಂದ್ರೆ ಲೇಖಕ ಅಲ್ಲ

ಕಳೆದ ಫೆಬ್ರವರಿಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಎಂ.ಎ. ಪ್ರಬಂಧದ ಮೂರನೇ ಅಧ್ಯಾಯ ತಂದುಕೊಟ್ಟಳು. ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ದುಡಿಯುವ ಹೆಂಗಸರ ಬಗ್ಗೆ ಬರೆಯುತ್ತಿದ್ದಾಳೆ. ತೋಟದ ಕೆಲಸದವರು ಇರುವ ಸಾಲು ಮನೆಗಳಿಗೆ, ಅಂದ್ರೆ ಲೈನ್ ಮನೆಗಳಿಗೆ ಹೋಗಿ 14 ಜನರನ್ನು ಮಾತಾಡಿಸಿ, ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದಳು. ಅಧ್ಯಾಯ ಚೆನ್ನಾಗಿತ್ತು. ವಾಕ್ಯಗಳು ಎಲ್ಲೂ ತಡವರಿಸುತ್ತಿರಲಿಲ್ಲ. ಖುಷಿಯಿಂದ ಓದುತ್ತಾ ಹೋದವನು ಒಂದು ಕಡೆ ನಿಂತುಬಿಟ್ಟೆ. "ಲೇಖಕರು ಬಂದು ಹೆಸರು ಬರೆದುಕೊಳ್ಳುವವರೆಗೆ ಕಾರ್ಮಿಕರು ಕಾಯುತ್ತಾರೆ."

ತೋಟಕ್ಕೆ ಬೆಳಿಗ್ಗೆ ಏಳು ಗಂಟೆಗೆ ಯಾವ ಲೇಖಕರು ಬರುತ್ತಾರೆ?

ಆಮೇಲೆ ಹೊಳೆಯಿತು. ರೈಟರ್! ನಮ್ಮ ಕಡೆ ತೋಟಗಳಲ್ಲಿ ರೈಟರ್ ಅಂದ್ರೆ ಹಾಜರಿ ಹಾಕಿ, ಕೆಲಸ ಹಂಚಿ, ಬಟವಾಡೆ ಲೆಕ್ಕ ಇಡುವವರು. ಇದು ಮೂಡಿಗೆರೆಯ ಸಣ್ಣ ಮಗುವಿಗೂ ಗೊತ್ತು. ಆ ಹುಡುಗಿಯೂ ಅಲ್ಲೇ ಹುಟ್ಟಿ ಬೆಳೆದವಳು. ಅವಳ ಕೈಯಿಂದ ಈ ತಪ್ಪು ಆಗೋಕೆ ಸಾಧ್ಯವೇ ಇಲ್ಲ ಅಂತ ನನಗೆ ಖಾತ್ರಿಯಾಯಿತು.

ಎರಡು ಪುಟ ಆದಮೇಲೆ ಇನ್ನೊಂದು ಸಿಕ್ಕಿತು. "ಮರಗಳಿಗೆ ಕಸಿ ಕಟ್ಟುವ ಕೆಲಸಕ್ಕೆ ಗಂಡಸರನ್ನು ಕಳಿಸುತ್ತಾರೆ, ಅದಕ್ಕೆ ಕೂಲಿ ಜಾಸ್ತಿ." ಆ ಹೆಂಗಸು ಹೇಳಿದ್ದು ಮರಗಸಿ. ಕಾಫಿ ಗಿಡಕ್ಕೆ ಬಿಸಿಲು ಬೀಳಲಿ ಅಂತ ನೆರಳಿನ ಮರಗಳನ್ನು ಹತ್ತಿ ಕೊಂಬೆ ಸವರುವ ಕೆಲಸ ಅದು. ಕಸಿ ಕಟ್ಟುವುದಕ್ಕೆ ನೆಲದ ಮೇಲೆ ಕೂತರೆ ಆಯಿತು. ಮರಗಸಿಗೆ ಏಣಿ ಹಾಕಿ, ಕತ್ತಿ ಹಿಡಿದು, ಎತ್ತರದ ಕೊಂಬೆಗೆ ಹೋಗಬೇಕು. ಕೂಲಿ ಜಾಸ್ತಿ ಯಾಕೆ ಅಂದ್ರೆ ಬಿದ್ದರೆ ಸೊಂಟ ಮುರಿಯುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ. ಒಂದೇ ಪದ ತಪ್ಪಿದ್ದಕ್ಕೆ ಆ ಭಯ ಪೂರ್ತಿ ಮಾಯವಾಗಿತ್ತು. ಅದೇ ಪುಟದ ಕೆಳಗೆ "ಇವರ ಪತಿ ಕೃಷಿ ಕೆಲಸದ ವೇಳೆ ಅಪಘಾತಕ್ಕೆ ಒಳಗಾಗಿದ್ದಾರೆ" ಅಂತ ಒಂದು ಸಾಲು. ಮರದಿಂದ ಬಿದ್ದ ಗಂಡನ ಬಗ್ಗೆ ಆಕೆ 20 ನಿಮಿಷ ಮಾತಾಡಿದ್ದರು ಅಂತ ಆಮೇಲೆ ರೆಕಾರ್ಡಿಂಗ್ ಕೇಳಿದಾಗ ಗೊತ್ತಾಯಿತು.

ಇದು ಹೇಗಾಯಿತು ಅಂತ ವಿದ್ಯಾರ್ಥಿನಿಯನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ. ರೆಕಾರ್ಡಿಂಗ್‌ಗಳನ್ನು ಒಂದು ಎಐ ಆ್ಯಪ್‌ಗೆ ಹಾಕಿದ್ದಳು. ಅದು ಇಂಗ್ಲಿಷಿಗೆ ಇಳಿಸಿ ಸಾರಾಂಶ ಕೊಟ್ಟಿತ್ತು, ಅದನ್ನೇ ಮತ್ತೆ ಕನ್ನಡದಲ್ಲಿ ಬರೆಸಿಕೊಂಡಿದ್ದಳು. ರೈಟರ್ ಇಂಗ್ಲಿಷಿಗೆ ಹೋಗಿ ಲೇಖಕರಾಗಿ ವಾಪಸ್ ಬಂದಿದ್ದು ಹೀಗೆ.

ಅವಳು ಸೋಮಾರಿ ಅಲ್ಲ. ಒಂದು ಗಂಟೆಯ ಮಾತನ್ನು ಕೂತು ಬರೆದುಕೊಳ್ಳೋಕೆ ಐದಾರು ಗಂಟೆ ಬೇಕು, ನಾನೇ ಮಾಡಿ ನೋಡಿದ್ದೇನೆ. ಅವಳು ಸಂಜೆ ಹೊತ್ತು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ, ಮನೆ ಸೇರುವಾಗ ಎಂಟೂವರೆ. ಎಐಯನ್ನು ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು ಅಂತ ನಾನು ಒಂದು ದಿನವೂ ತರಗತಿಯಲ್ಲಿ ಹೇಳಿರಲಿಲ್ಲ. ಆ ತಪ್ಪು ನನ್ನದು.

ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ ಕೊನೆಯಲ್ಲಿ. ಅಂದಿನಿಂದ ಎಲ್ಲರೂ ಇದನ್ನು ತಿಳಿದವರನ್ನು ಕೇಳಿದಂತೆ ಕೇಳುತ್ತಿದ್ದಾರೆ. ಆದರೆ ಈ ಯಂತ್ರ ಕೆಲಸ ಮಾಡುವ ರೀತಿಯೇ ಬೇರೆ. ರಾಶಿ ರಾಶಿ ಬರಹ ಓದಿಕೊಂಡು, ಒಂದು ಪದದ ಮುಂದೆ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಹಾಕುತ್ತದೆ. ಆ ರಾಶಿಯಲ್ಲಿ ಇಂಗ್ಲಿಷೇ ಹೆಚ್ಚು, ಕನ್ನಡ ತೀರಾ ಕಡಿಮೆ, ಅದರಲ್ಲೂ ಲೈನ್ ಮನೆಯ ಮಾತು ಯಾರು ಬರೆದಿಟ್ಟಿದ್ದಾರೆ ಹೇಳಿ? ಅದೇ ಅಧ್ಯಾಯದಲ್ಲಿ 'ಹೂಮಳೆ' ಸರಿಯಾಗಿಯೇ ಬಂದಿತ್ತು. ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ ಬಗ್ಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಬರಹ ಇದೆ. ಬೆಳೆ ಬಗ್ಗೆ ಬರೆದವರು ಬಹಳ, ಕೆಲಸದವರ ಮಾತು ಬರೆದವರು ಕಡಿಮೆ. ಗೊತ್ತಿಲ್ಲದ ಪದ ಬಂದಾಗ ಯಂತ್ರ ಬಹಳ ಸಲ ನಿಂತು ಕೇಳುವುದಿಲ್ಲ. ಹತ್ತಿರದ್ದೇನನ್ನೋ ಇಟ್ಟು ಅದೇ ಧೈರ್ಯದಲ್ಲಿ ಮುಂದೆ ಹೋಗುತ್ತದೆ. ನನಗೆ ಹೆದರಿಕೆ ಆಗುವುದು ತಪ್ಪಿಗಿಂತ ಆ ಧೈರ್ಯಕ್ಕೇ.

ಗ್ರಂಥಸೂಚಿಯಲ್ಲೂ ಇದೇ ಕಥೆ. ಒಂದು ಲೇಖನ ನನಗೆ ಬೇಕಿತ್ತು, ಹುಡುಕಿದೆ. ಪತ್ರಿಕೆ ನಿಜ, ಸಂಪುಟ ನಿಜ, ಆದರೆ ಆ ಪುಟಗಳಲ್ಲಿ ಇದ್ದದ್ದು ಬೇರೆ ಲೇಖನ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಇಲ್ಲದ ತೀರ್ಪುಗಳನ್ನು ಚಾಟ್‌ಜಿಪಿಟಿಯಿಂದ ತೆಗೆದು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದ್ದು ಸುದ್ದಿಯಾಗಿತ್ತು. ಅಲ್ಲಿ ಎದುರು ಪಕ್ಷದ ವಕೀಲರು ಹುಡುಕಿದ್ದಕ್ಕೆ ಸಿಕ್ಕಿಬಿತ್ತು. ನಮ್ಮ ಎಂ.ಎ. ಪ್ರಬಂಧಗಳ ಗ್ರಂಥಸೂಚಿಯನ್ನು ಹಾಗೆ ಕೂತು ಪರೀಕ್ಷಿಸುವವರು ಎಷ್ಟು ಜನ ಇದ್ದಾರೆ?

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಬಂದ ಮೊದಲ ಮಾತು, "ಸಾಫ್ಟ್‌ವೇರ್ ಹಾಕಿ ಹಿಡೀಬೇಕು ಸಾರ್." ಯುಜಿಸಿಯ 2018ರ ನಿಯಮದಂತೆ ಪ್ರಬಂಧದಲ್ಲಿ ಬೇರೆಡೆಯ ಬರಹದ ಹೋಲಿಕೆ 10 ಶೇಕಡಾ ಒಳಗಿದ್ದರೆ ದಂಡ ಇಲ್ಲ. ಆದರೆ ಎಐ ಬರೆದದ್ದು ಸಾಲುಸಾಲಾಗಿ ಎಲ್ಲಿಂದಲೋ ನಕಲು ಮಾಡಿದ್ದಲ್ಲ, ಹಾಗಾಗಿ ಆ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಇನ್ನು ಎಐ ಹಿಡಿಯುವ ಸಾಧನಗಳನ್ನು ನಾನಂತೂ ನಂಬುವುದಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಅಂಥದ್ದೊಂದನ್ನು ತಂದು, ಸರಿಯಾಗಿ ಹಿಡಿಯುತ್ತಿಲ್ಲ ಅಂತ 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ ಪ್ರಬಂಧಗಳನ್ನು ಇಂಥ ಸಾಧನಗಳಿಗೆ ಹಾಕಿ ನೋಡಿದರು. ಅರ್ಧಕ್ಕಿಂತ ಹೆಚ್ಚಿನವು ಯಂತ್ರ ಬರೆದದ್ದು ಅಂತ ಬಂತು. ಬರೆದವರು ಮನುಷ್ಯರೇ. ಕಲಿತ ಕೆಲವೇ ವಾಕ್ಯಗಳಲ್ಲಿ ಎಚ್ಚರಿಕೆಯಿಂದ ಬರೆಯುವವರು, ಅಂದ್ರೆ ಕನ್ನಡ ಮೀಡಿಯಂನಿಂದ ಬಂದ ನಮ್ಮ ಮಕ್ಕಳಂಥವರು. ಅಂಥ ಸಾಧನ ನಂಬಿಕೊಂಡು ಒಬ್ಬ ಹುಡುಗನನ್ನು ಕಳ್ಳ ಅನ್ನಲು ನನ್ನಿಂದ ಆಗುವುದಿಲ್ಲ.

ಇಷ್ಟಾದರೂ ನನ್ನ ನಿದ್ದೆ ಕೆಡಿಸಿದ್ದು ಇದು ಯಾವುದೂ ಅಲ್ಲ. ಆ ಹೆಂಗಸರ ದನಿ ಈಗ ಎಲ್ಲಿದೆ?

ಪ್ರತಿ ಮನೆಯಲ್ಲೂ ಅವಳು "ಇದು ನನ್ನ ಓದಿಗೆ ಮಾತ್ರ" ಅಂತ ಹೇಳಿಯೇ ಫೋನ್ ಆನ್ ಮಾಡಿದ್ದಳು. ಆ ಮಾತು ನಂಬಿ ಅವರು ಮುಂಗಡ ಎಷ್ಟು ತಗೊಂಡಿದ್ದೇವೆ, ಎಷ್ಟು ತೀರಿಲ್ಲ, ರೈಟರ್ ಹೇಗೆ ನಡೆಸಿಕೊಳ್ಳುತ್ತಾರೆ, ಎಲ್ಲ ಹೇಳಿದ್ದಾರೆ. ತೋಟದ ಹೆಸರು, ಮಕ್ಕಳ ಹೆಸರು ಎಲ್ಲ ಅದರಲ್ಲಿದೆ. ಅದೆಲ್ಲ ಯಾವುದೋ ದೇಶದ ಸರ್ವರ್‌ಗೆ ಹೋಯಿತು. ಹಲವು ಆ್ಯಪ್‌ಗಳಲ್ಲಿ ನಾವು ಸೆಟ್ಟಿಂಗ್ ಬದಲಿಸದೇ ಇದ್ದರೆ ನಾವು ಹಾಕಿದ್ದನ್ನೇ ಯಂತ್ರಕ್ಕೆ ಕಲಿಸಲು ಬಳಸುತ್ತಾರೆ. "ಕಂಪ್ಯೂಟರಿಗೆ ಹಾಕ್ತೀನಿ ಅಂತ ಅವರಿಗೆ ಹೇಳಿದ್ಯಾ?" ಅಂತ ಕೇಳಿದೆ. ಅವಳು ತಲೆ ತಗ್ಗಿಸಿದಳು, ಕಣ್ಣು ತುಂಬಿಕೊಂಡಿತ್ತು.

ನಾನು ಎಐ ಬೇಡವೇ ಬೇಡ ಅನ್ನುವವನಲ್ಲ. ಅಂಕಿಅಂಶದ ಒಂದು ಸೂತ್ರ ಅರ್ಥ ಆಗದಿದ್ದರೆ ನಾನೇ ಕೇಳಿ ತಿಳಿದುಕೊಳ್ಳುತ್ತೇನೆ, ಆಮೇಲೆ ಪುಸ್ತಕ ತೆಗೆದು ನೋಡುತ್ತೇನೆ. ಆದರೆ ಇನ್ನೊಬ್ಬರು ನಂಬಿ ಕೊಟ್ಟ ಮಾತನ್ನು ಅವರನ್ನು ಕೇಳದೆ ಅದರೊಳಗೆ ಸುರಿಯುವ ಹಕ್ಕು ನಮಗಿಲ್ಲ. ಈಗ ನನ್ನ ಕೈಕೆಳಗೆ ಕ್ಷೇತ್ರಕಾರ್ಯ ಮಾಡುವ ಎಲ್ಲರಿಗೂ ರೆಕಾರ್ಡಿಂಗನ್ನು ಕಿವಿಯಿಂದ ಕೇಳಿ ಕೈಯಿಂದ ಬರೆಯಿರಿ ಅಂತ ಹೇಳಿದ್ದೇನೆ. ಅದಕ್ಕೆ ಬೇಕಾದಷ್ಟು ಸಮಯ ಕೊಡಿಸುವುದು ನನ್ನ ಜವಾಬ್ದಾರಿ.

ಅವಳು ಆ ಫೈಲುಗಳನ್ನು ಆ್ಯಪ್‌ನಿಂದ ಅಳಿಸಿದಳು. ತಿಂಗಳೂವರೆ ಕೂತು ಎಲ್ಲ ಮತ್ತೆ ಬರೆದಳು. ಒಂದು ಭಾನುವಾರ ಇಬ್ಬರೂ ಚಿಕ್ಕಮಗಳೂರಿಂದ ಬಸ್ ಹತ್ತಿ, ಆಲ್ದೂರು ದಾಟಿ, ಮೂಡಿಗೆರೆಯಲ್ಲಿ ಇಳಿದು, ಗಂಡ ಮರದಿಂದ ಬಿದ್ದಿದ್ದ ಆ ಹೆಂಗಸಿನ ಲೈನ್ ಮನೆಗೆ ಹೋದೆವು. ಆ್ಯಪ್ ವಿಷಯ ಅವಳೇ ಹೇಳಿದಳು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಮ್ಮ ಸಾವ್ಕಾರ್ರಿಗೆ ಹೇಳುತ್ತಾ?" ಅಂತ ಕೇಳಿದರು. ನನಗೆ ತಕ್ಷಣ ಉತ್ತರ ಬರಲಿಲ್ಲ. ಹಾಗೆ ಆಗಲಿಕ್ಕಿಲ್ಲ, ಆದರೆ ಹಾಕಿದ್ದು ನಮ್ಮ ತಪ್ಪು ಅಂದೆ.

ಆಮೇಲೆ ಅವಳು ಹೊಸದಾಗಿ ಬರೆದ ಪುಟಗಳನ್ನು ಓದಿ ಹೇಳಿದಳು. ಮರಗಸಿಯ ದಿನದ ಮಾತು ಬಂದಾಗ ಆಕೆ ಕೈ ಎತ್ತಿ ತಡೆದರು.

"ಬಿದ್ರು ಅಂತ ಅಷ್ಟೇ ಬರೀಬೇಡವ್ವ. ಏಣಿ ಹಳೇದಿತ್ತು. ಬೇರೆ ಕೊಡಿ ಅಂತ ಎರಡು ಸಲ ಕೇಳಿದ್ರು. ಅದನ್ನೂ ಬರಿ."

ಇದು ರೆಕಾರ್ಡಿಂಗ್‌ನಲ್ಲಿ ಇರಲಿಲ್ಲ. ಅವಳು ಪೆನ್ನು ತೆಗೆದು ಪುಟದ ಅಂಚಿನಲ್ಲಿ ಬರೆದುಕೊಂಡಳು.