ಆಗುಂಬೆಯ ದಾರಿಯಲ್ಲಿ ನರ್ವ್

ಎಂ.ಎಸ್ಸಿ. ಓದುತ್ತಿರುವ ತಂಗಿಯ ಮಗಳು ಇಂದು ಶಿವಮೊಗ್ಗದಿಂದ ಆಗುಂಬೆಗೆ ಹೋಗುವ ಬಸ್ಸಿನಲ್ಲಿ, ಗಣಿತದ ಕೆಟಗರಿಯ (ವಸ್ತುಗಳು ಮತ್ತು ಅವುಗಳ ನಡುವೆ ಒಂದರ ಮುಂದೊಂದು ಜೋಡಿಸಬಲ್ಲ ಬಾಣಗಳ ವ್ಯವಸ್ಥೆಯ) ‘ನರ್ವ್’ ಎಂದರೇನೆಂದು ಕೇಳಿದಳು. ಕೈಯಲ್ಲಿದ್ದ ಟಿಕೆಟ್ಟೇ ಉದಾಹರಣೆಯಾಯಿತು.

ಊರುಗಳು ವಸ್ತುಗಳಾಗಿ, ಪ್ರಯಾಣಗಳು ಬಾಣಗಳಾಗಿ ಇರಲಿ. ನರ್ವ್ ಕಟ್ಟುವಾಗ ಪ್ರತಿ ವಸ್ತುವೂ ಒಂದು ಬಿಂದು, ಪ್ರತಿ ಬಾಣವೂ ಒಂದು ಅಂಚು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ, ಅಲ್ಲಿಂದ ಆಗುಂಬೆಗೆ ಎಂಬಂತೆ ಒಂದರ ಬೆನ್ನಿಗೆ ಇನ್ನೊಂದು ಬರುವ ಎರಡು ಬಾಣಗಳು ಒಂದು ತುಂಬಿದ ತ್ರಿಕೋನವಾಗುತ್ತವೆ, ಮೂರರ ಸರಪಳಿ ಚತುಷ್ಫಲಕವಾಗುತ್ತದೆ, ಹೀಗೆಯೇ ಆಯಾಮ ಏರುತ್ತದೆ. ಸರಪಳಿಯ ತುದಿಯ ಊರನ್ನು ಅಳಿಸಿದರೆ ಆ ಬಾಣವೇ ಹೋಗುತ್ತದೆ. ಆದರೆ ನಡುವಿನ ತೀರ್ಥಹಳ್ಳಿಯನ್ನು ಅಳಿಸಿದರೆ ಎರಡು ಬಾಣಗಳೂ ಸೇರಿ ಶಿವಮೊಗ್ಗ–ಆಗುಂಬೆ ಎಂಬ ಒಂದೇ ಟಿಕೆಟ್ ಉಳಿಯುತ್ತದೆ, ಅದೇ ತ್ರಿಕೋನದ ಮೂರನೆಯ ಅಂಚು. ಇದ್ದಲ್ಲೇ ಇರುವ ಬಾಣವನ್ನು ನಡುವೆ ಸೇರಿಸುವುದೆಂದರೆ ತೀರ್ಥಹಳ್ಳಿಯಲ್ಲಿ ಇಳಿದು ಚಹಾ ಕುಡಿದಂತೆ, ದಾರಿಯೇನೂ ಬದಲಾಗದು.

‘ಇಷ್ಟೆಲ್ಲ ಕಟ್ಟುವಾಗ ಏನೂ ಕಳೆದುಹೋಗುವುದಿಲ್ಲವೇ ಮಾವ?’ ಎಂದಳು. ನನಗೆ ಬಹಳ ಹಿಡಿಸಿದ ಪ್ರಶ್ನೆ. ಹೀಗೆ ಜೋಡಿಸಬಲ್ಲ ಎರಡು ಬಾಣಗಳಿಗೆ ತ್ರಿಕೋನವನ್ನು ತುಂಬುವ ರೀತಿ ಒಂದೇ ಒಂದು ಇರುವುದರಿಂದ ನರ್ವ್‌ನಿಂದ ಮೂಲ ಕೆಟಗರಿಯನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು. ಬೋರ್ಡ್‌ಮನ್ ಮತ್ತು ವೋಗ್ಟ್ ಎಂಬ ಗಣಿತಜ್ಞರು 1973ರಲ್ಲಿ ಇಂತಹ ಷರತ್ತನ್ನು ‘ಕನಿಷ್ಠ ಒಂದು ರೀತಿ ಇದ್ದರೆ ಸಾಕು’ ಎಂದು ಸಡಿಲಿಸಿದರು. ಇಂದು ಕ್ವಾಸಿ-ಕೆಟಗರಿ ಎನ್ನುವುದು ಅದನ್ನೇ. ಆದರೆ ನರ್ವ್‌ನ ಜ್ಯಾಮಿತೀಯ ಆಕಾರವನ್ನಷ್ಟೇ ಹೋಮೋಟೊಪಿಯ ಕಣ್ಣಿನಿಂದ (ಹರಿಯದೆ ಹಿಗ್ಗಿಸಿ ಕುಗ್ಗಿಸಿದ ಆಕಾರಗಳೆಲ್ಲ ಒಂದೇ ಎಂದು) ನೋಡಿದರೆ ಬಹಳಷ್ಟು ಮರೆಯಾಗುತ್ತದೆ: ಎಲ್ಲ ವಸ್ತುಗಳಿಗೂ ತಲಾ ಒಂದೇ ಬಾಣ ಕಳಿಸುವ ವಸ್ತುವೊಂದಿದ್ದರೆ, ಕೆಟಗರಿ ಎಷ್ಟೇ ದೊಡ್ಡದಿರಲಿ, ಆಕಾರ ಬಿಂದುವಿಗೆ ಕುಗ್ಗುತ್ತದೆ.

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಕಿಟಕಿಯಾಚೆ ಮಂಜು ಕವಿದು, ಅವಳು ನೋಟ್‌ಬುಕ್ಕಿನಲ್ಲಿ ಚತುಷ್ಫಲಕ ಬರೆಯತೊಡಗಿದ್ದಳು.